ಕಡಿಮೆ ಖರ್ಚಿನಲ್ಲಿ ಸಿಲೂಯೆಟ್ ರೈಫಲ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಸಿಲೂಯೆಟ್ ನಿಂತು ಹೊಡೆಯುವ ಆಟ. ಮಲಗುವಂತಿಲ್ಲ, ಕೂರುವಂತಿಲ್ಲ, ತೋಳಿಗೆ ಪಟ್ಟಿ ಬಿಗಿದುಕೊಳ್ಳುವಂತಿಲ್ಲ, ಗಟ್ಟಿ ಶೂಟಿಂಗ್ ಜಾಕೆಟ್ ತೊಡುವಂತಿಲ್ಲ. ಎರಡು ಕಾಲು, ಎರಡು ಕೈ, ಒಂದು ರೈಫಲ್, ಅಷ್ಟೇ. ಹೊಸಬರು ರೈಫಲ್ ಕೊಳ್ಳುವಾಗ ಇದನ್ನೇ ಮರೆಯುತ್ತಾರೆ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆದ ಗುಂಪುಗಳ, ಅಂದರೆ ಒತ್ತೊತ್ತಾಗಿ ಬಿದ್ದ ಗುಂಡಿನ ತೂತುಗಳ, ಫೋಟೊ ನೋಡಿ, ಅತಿ ನಿಖರ ಎನಿಸಿಕೊಂಡ ದುಬಾರಿ ರೈಫಲ್‌ಗೆ ಮನಸೋಲುತ್ತಾರೆ. ನಿಂತು ಹೊಡೆಯುವವನಿಗೆ ಬೇಕಾದ್ದು ಬೇರೆಯೇ. ಅದು ಅಷ್ಟು ದುಬಾರಿಯೂ ಅಲ್ಲ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು ಮೆಕ್ಸಿಕೊದಲ್ಲಿ ಹುಟ್ಟಿದ್ದು. ಅಲ್ಲಿ ಮೊದಲು ಜೀವಂತ ಪ್ರಾಣಿಗಳನ್ನೇ ದೂರದಲ್ಲಿ ಕಟ್ಟಿ ಹೊಡೆಯುತ್ತಿದ್ದರು. ಆಮೇಲೆ ಅವುಗಳ ಜಾಗಕ್ಕೆ ಉಕ್ಕಿನ ತಗಡಿನ ಆಕೃತಿಗಳು ಬಂದವು. ಕೋಳಿ, ಹಂದಿ, ಟರ್ಕಿ, ಟಗರು ಎಂಬ ನಾಲ್ಕು ಗುರಿಗಳನ್ನು ಇವತ್ತಿಗೂ ಕೆಲವು ರೇಂಜ್‌ಗಳಲ್ಲಿ ಗಯೀನಾ, ಹಬಲೀನಾ, ಗುವಾಹೊಲೋತೆ, ಬೊರ್ರೇಗೊ ಎಂದು ಸ್ಪ್ಯಾನಿಷ್ ಹೆಸರಿನಲ್ಲೇ ಕರೆಯುತ್ತಾರೆ. ದೊಡ್ಡ ಕ್ಯಾಲಿಬರ್‌ನಲ್ಲಿ ಇವು 200, 300, 385, 500 ಮೀಟರ್ ದೂರದಲ್ಲಿ ನಿಲ್ಲುತ್ತವೆ. ಈ ಬರಹದ ವಿಷಯವಾದ ರಿಮ್‌ಫೈರ್‌ನಲ್ಲಿ, ಅಂದರೆ ಪುಟ್ಟ .22 ತೋಟಾದ ಆಟದಲ್ಲಿ, ದೂರವೂ ಗಾತ್ರವೂ ಸರಿಯಾಗಿ ಐದನೇ ಒಂದು ಪಾಲು: 40, 60, 77, 100 ಮೀಟರ್. ಹಾಗಾಗಿ ಕಣ್ಣಿಗೆ ಎರಡೂ ಒಂದೇ ಅಳತೆಯಲ್ಲಿ ಕಾಣುತ್ತವೆ. 40 ಮೀಟರ್‌ನ ಕೋಳಿಯ ಮೈ ಬೆಂಕಿಪೊಟ್ಟಣಕ್ಕಿಂತ ಬಹಳ ದೊಡ್ಡದೇನಲ್ಲ. ಐದೈದು ಆಕೃತಿಗಳ ಸಾಲು, ಎಡದಿಂದ ಬಲಕ್ಕೆ ಒಂದಕ್ಕೆ ಒಂದೇ ಗುಂಡು, ಐದು ಗುಂಡಿಗೆ ಎರಡೂವರೆ ನಿಮಿಷ. ತಗಡು ಬಿದ್ದರೆ ಅಂಕ. ಟಣ್ ಎಂದು ಸದ್ದು ಬಂದು ಆಕೃತಿ ನಿಂತೇ ಇದ್ದರೆ ಸೊನ್ನೆ. ಹಂದಿ ಹೊಸಬರಿಗೆ ಕೊಂಚ ದಯೆ ತೋರಿಸುತ್ತದೆ, ಟರ್ಕಿ ಯಾರಿಗೂ ತೋರಿಸುವುದಿಲ್ಲ.

ಹೆಜ್ಜೆ 1: ಲೈಸೆನ್ಸ್, ನಿಯಮಪುಸ್ತಕ, ತಕ್ಕಡಿ

ನಿಮ್ಮ ದೇಶದ ಕಾನೂನಿನ ಪ್ರಕಾರ ಲೈಸೆನ್ಸ್, ಕ್ಲಬ್ ಸದಸ್ಯತ್ವ, ಮನೆಯಲ್ಲಿ ಬೀಗ ಹಾಕಿಡುವ ವ್ಯವಸ್ಥೆ, ಇವೆಲ್ಲ ಮುಗಿದ ಮೇಲೆಯೇ ಅಂಗಡಿಯ ಕಡೆ ಹೆಜ್ಜೆ ಹಾಕಿ. ಆಮೇಲೆ ನಿಮ್ಮ ಕ್ಲಬ್ ಯಾವ ನಿಯಮದಡಿ ಪಂದ್ಯ ನಡೆಸುತ್ತದೆ ಎಂದು ಕೇಳಿ, ಆ ಪುಸ್ತಕದಲ್ಲಿ ಮೂರು ವಿಷಯ ಗುರುತು ಹಾಕಿಕೊಳ್ಳಿ: ತೂಕ, ಟ್ರಿಗರ್, ಸ್ಟಾಕ್‌ನ (ಕೈಯಲ್ಲಿ ಹಿಡಿದು ಹೆಗಲಿಗೆ ಊರುವ ಮೈಭಾಗ) ಆಕಾರ.

ಸಾಮಾನ್ಯವಾಗಿ ಎರಡು ವರ್ಗ ಇರುತ್ತವೆ. ಸಿಲೂಯೆಟ್ ಅಥವಾ ಸ್ಟ್ಯಾಂಡರ್ಡ್ ರೈಫಲ್ ವರ್ಗದಲ್ಲಿ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಸೇರಿ ಸುಮಾರು 4.6 ಕಿಲೋ ತನಕ ಹೋಗಬಹುದು. ಹಂಟಿಂಗ್ ರೈಫಲ್ ವರ್ಗದಲ್ಲಿ ಸ್ಕೋಪ್ ಸೇರಿ ಸುಮಾರು 3.85 ಕಿಲೋ, ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘದ (ಎನ್‌ಆರ್‌ಎ) ನಿಯಮದಲ್ಲಿ ಟ್ರಿಗರ್ ಕನಿಷ್ಠ 2 ಪೌಂಡ್, ಅಂದರೆ ಸುಮಾರು 900 ಗ್ರಾಂ ಭಾರ ಹೊರಬೇಕು. ಒಂದೇ ರೈಫಲ್ ಕೊಳ್ಳುವ ಶಕ್ತಿ ಇರುವವರು ಹಂಟಿಂಗ್ ವರ್ಗಕ್ಕೆ ಒಪ್ಪುವಂಥದ್ದನ್ನೇ ಕೊಳ್ಳಿ. ಅದನ್ನು ಹಿಡಿದು ಎರಡೂ ವರ್ಗದಲ್ಲಿ ನಿಲ್ಲಬಹುದು. ಭಾರದ ರೈಫಲ್ ಹಿಡಿದು ಹಂಟಿಂಗ್ ವರ್ಗಕ್ಕೆ ಹೋಗಲಾಗದು.

ಇಲ್ಲೊಂದು ಲೆಕ್ಕ. ಸ್ಕೋಪ್ ಮತ್ತು ಅದನ್ನು ರೈಫಲ್‌ಗೆ ಕೂರಿಸುವ ಬಳೆಗಳು 500ರಿಂದ 700 ಗ್ರಾಂ ತಿನ್ನುತ್ತವೆ. ಹಾಗಾಗಿ ಬರೀ ರೈಫಲ್ 3.1 ಕಿಲೋ ಒಳಗಿದ್ದರೆ ನೆಮ್ಮದಿ. ದಪ್ಪ ಬ್ಯಾರೆಲ್‌ನ ಮಾದರಿಗಳು ಈ ಗೆರೆಯ ಆಚೆ ಈಚೆ ತೂಗಾಡುತ್ತವೆ. ಕ್ಯಾಟಲಾಗಿನ ಅಂಕಿ ನಂಬದೆ ತಕ್ಕಡಿಗೆ ಹಾಕಿ. ಅಲ್ಯೂಮಿನಿಯಂ ಚಾಸಿ, ಹೆಬ್ಬೆರಳು ತೂರಿಸುವ ತೂತಿನ ಸ್ಟಾಕ್ ಇವೆಲ್ಲ ನೋಡಲು ಜೋರು. ನಿಯಮಪುಸ್ತಕ ನೋಡದೆ ಅವಕ್ಕೆ ಮುಂಗಡ ಕೊಡಬೇಡಿ.

ಹೆಜ್ಜೆ 2: ಎಷ್ಟು ನಿಖರತೆ ಸಾಕು?

ದುಡ್ಡು ಉಳಿಸಲು ಅವಕಾಶ ಇರುವುದು ಇಲ್ಲೇ. ನಿಂತು ಹೊಡೆಯುವಾಗ ನಿಮ್ಮ ಕೈ ಅಲುಗಾಟದಿಂದ 100 ಮೀಟರ್‌ನಲ್ಲಿ ಗುಂಡುಗಳು 10 ಸೆಂಟಿಮೀಟರ್ ಹರಡುತ್ತವೆ ಎಂದಿಟ್ಟುಕೊಳ್ಳಿ. ರೈಫಲ್ ತನ್ನ ಪಾಡಿಗೆ ಅದೇ ದೂರದಲ್ಲಿ 3 ಸೆಂಟಿಮೀಟರ್ ಹರಡುತ್ತದೆ. ಒಟ್ಟು 13 ಆಗುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ತಪ್ಪುಗಳು ಸೇರುವಾಗ ಅವುಗಳ ವರ್ಗ ಕೂಡಿ ವರ್ಗಮೂಲ ತೆಗೆಯಬೇಕು: 100 ಕೂಡಿಸು 9, ಅಂದರೆ 109, ಅದರ ಮೂಲ 10.4. ಈಗ ಎರಡು ಪಟ್ಟು ನಿಖರವಾದ, 1.5 ಸೆಂಟಿಮೀಟರ್ ಹರಡುವ ರೈಫಲ್ ತಂದಿರಿ. ಒಟ್ಟು 10.1. ಅಷ್ಟೆಲ್ಲ ದುಡ್ಡು ಸುರಿದು ಗಳಿಸಿದ್ದು 3 ಮಿಲಿಮೀಟರ್!

ಕೈ ಪಳಗಿ ನಿಮ್ಮ ಅಲುಗಾಟ 4 ಸೆಂಟಿಮೀಟರ್‌ಗೆ ಇಳಿದ ದಿನ ಲೆಕ್ಕ ಬದಲಾಗುತ್ತದೆ, ನಿಜ. ಆಗ ಮೊದಲನೆಯದರಲ್ಲಿ ಒಟ್ಟು 5, ಎರಡನೆಯದರಲ್ಲಿ 4.3. ಮೇಲಿನ ದರ್ಜೆಯವರು ಜರ್ಮನಿಯ ದುಬಾರಿ ಅನ್‌ಶುಟ್ಜ್ ರೈಫಲ್ ಹಿಡಿದು ನಿಲ್ಲುವುದಕ್ಕೆ ಕಾರಣ ಇದೆ. ಆದರೆ ಅಲ್ಲಿಗೆ ಹೋಗುವ ದಾರಿ ಸಾವಿರಾರು ತೋಟಾಗಳದು. ಶುರುವಿಗೆ, 50 ಮೀಟರ್‌ನಲ್ಲಿ ಒರಗಿಸಿ ಹೊಡೆದಾಗ ಐದು ಗುಂಡು 2 ಸೆಂಟಿಮೀಟರ್ ಒಳಗೆ ಬೀಳುವ ರೈಫಲ್ ಧಾರಾಳವಾಗಿ ಸಾಕು.

ಹೆಜ್ಜೆ 3: ಬೋಲ್ಟ್ ಆಕ್ಷನ್ ಮೇಲೆ ಕಣ್ಣಿಡಿ

ಐದು ಗುಂಡಿಗೆ ಎರಡೂವರೆ ನಿಮಿಷ ಎಂದರೆ ಗುಂಡಿಗೆ 30 ಸೆಕೆಂಡ್. ಇಷ್ಟು ಹೊತ್ತಿನಲ್ಲಿ ಬೋಲ್ಟನ್ನು ಕೈಯಲ್ಲಿ ಎಳೆದು ಮುಚ್ಚುವುದಕ್ಕೆ ಯಾವ ಅವಸರವೂ ಇಲ್ಲ; ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್‌ನ ವೇಗದಿಂದ ಇಲ್ಲಿ ಲಾಭವಿಲ್ಲ. ಇನ್ನೊಂದು ಕಾರಣವೂ ಇದೆ. ಟ್ರಿಗರ್ ಜಾರಿದ ಗಳಿಗೆಯಿಂದ ಪಿನ್ ತೋಟಾಗೆ ಬಡಿಯುವ ತನಕದ ಸಮಯಕ್ಕೆ ಲಾಕ್ ಟೈಮ್ ಎನ್ನುತ್ತಾರೆ. ಒಳ್ಳೆಯ ಬೋಲ್ಟ್ ಆಕ್ಷನ್‌ನಲ್ಲಿ ಇದು ಚಿಕ್ಕದು. ಭಾರದ ಹ್ಯಾಮರ್ ತಿರುಗಿ ಬಂದು ಹೊಡೆಯುವ ಸೆಮಿ ಆಟೊಮ್ಯಾಟಿಕ್‌ಗಳಲ್ಲಿ ಉದ್ದ. ಮಲಗಿ ಹೊಡೆಯುವವನಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ನಳಿಗೆಯ ಮೂತಿ ಸದಾ ಓಡಾಡುತ್ತಿರುವ ನಿಂತ ಶೂಟರ್‌ಗೆ ಮಾತ್ರ ಆ ಕೆಲವು ಮಿಲಿಸೆಕೆಂಡು ಕೋಳಿಯ ಬೆನ್ನಿಗೂ ಅದರ ಮೇಲಿನ ಗಾಳಿಗೂ ಇರುವ ಅಂತರ.

ಸೆಮಿ ಆಟೊಮ್ಯಾಟಿಕ್ ಪೈಕಿ ಅಮೆರಿಕದ ರೂಗರ್ 10/22 ಎಲ್ಲ ಕಡೆ ಸಿಗುತ್ತದೆ, 1964ರಿಂದ ತಯಾರಾಗುತ್ತಿದೆ, ಬಿಡಿಭಾಗಗಳಿಗೆ ಬರವಿಲ್ಲ. ನಿಮ್ಮ ಬಳಿ ಈಗಾಗಲೇ ಅದಿದ್ದರೆ ಧಾರಾಳವಾಗಿ ಅದರಲ್ಲೇ ಶುರು ಮಾಡಿ. ಇಲ್ಲವಾದರೆ ಕೊಂಡು, ಟ್ರಿಗರ್ ಬದಲಿಸಿ, ಬ್ಯಾರೆಲ್ ಬದಲಿಸಿ, ಸ್ಟಾಕ್ ಬದಲಿಸಿ, ಕೊನೆಗೆ ಲೆಕ್ಕ ಹಾಕಿದರೆ ಆ ದುಡ್ಡಿಗೆ ಒಳ್ಳೆಯ ಬೋಲ್ಟ್ ರೈಫಲ್ ಬಂದಿರುತ್ತಿತ್ತು.

ಬೋಲ್ಟ್ ರೈಫಲ್‌ಗಳಲ್ಲಿ ನನ್ನ ಮೊದಲ ಆಯ್ಕೆ ಜೆಕ್ ದೇಶದ ಸಿಝಡ್: ಹಳೆಯ 452, ನಂತರದ 455, ಈಗಿನ 457. 457ರ ಬೋಲ್ಟ್ ಹಿಡಿ 60 ಡಿಗ್ರಿ ಎತ್ತಿದರೆ ಸಾಕು, ಹಾಗಾಗಿ ಬೆರಳು ಸ್ಕೋಪ್‌ಗೆ ತಗುಲುವುದಿಲ್ಲ; ಟ್ರಿಗರನ್ನು ನಾವೇ ಹೊಂದಿಸಿಕೊಳ್ಳಬಹುದು. ಇನ್ನೂ ಕಡಿಮೆಗೆ ಬೇಕೆಂದರೆ ಸ್ಯಾವೇಜ್ ಮಾರ್ಕ್ ಟೂ. ಅದರ ಅಕ್ಯುಟ್ರಿಗರ್ ಎಂಬ ಹೊಂದಿಸಬಹುದಾದ ಟ್ರಿಗರ್ ಈ ಬೆಲೆಯಲ್ಲಿ ಮೆಚ್ಚಬೇಕಾದ ವಸ್ತು. ಅದರ ಪ್ಲಾಸ್ಟಿಕ್ ಸ್ಟಾಕ್ ಮಾತ್ರ ಟೊಳ್ಳು, ಮುಂಭಾಗ ಹಿಡಿದು ಅಮುಕಿದರೆ ಬಾಗುತ್ತದೆ. ಮರದ ಸ್ಟಾಕ್ ಇರುವುದು ಸಿಕ್ಕರೆ ಅದನ್ನೇ ಹಿಡಿಯಿರಿ. ಫಿನ್ಲೆಂಡಿನ ಟಿಕಾ ಟಿ1ಎಕ್ಸ್ ಇವೆರಡಕ್ಕಿಂತ ಒಂದು ಮೆಟ್ಟಿಲು ಮೇಲೆ. ಟ್ರಿಗರ್ ಸೊಗಸು, ಮೈ ಹಗುರ. ಅನ್‌ಶುಟ್ಜ್‌ನ 64 ಆಕ್ಷನ್ (ತೋಟಾ ತುಂಬಿ ಸಿಡಿಸುವ ಯಂತ್ರಭಾಗ) ಇರುವ ಹಳೆಯ ರೈಫಲ್ ಯಾರಾದರೂ ಕಡಿಮೆಗೆ ಕೊಡುವಂತಿದ್ದರೆ ಎರಡು ಬಾರಿ ಯೋಚಿಸಬೇಡಿ. ಕ್ಲಬ್‌ನಲ್ಲಿ ಹಿರಿಯರೊಬ್ಬರು ರೈಫಲ್ ಬದಲಿಸುವ ಯೋಚನೆಯಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಒಳ್ಳೆಯ ರೈಫಲ್‌ಗಳು ಅಂಗಡಿ ತಲುಪುವ ಮೊದಲೇ ಕೈ ಬದಲಾಗಿರುತ್ತವೆ.

ಹೆಜ್ಜೆ 4: ಹೆಗಲಿಗೇರಿಸಿ ನೋಡಿ

ಅಂಗಡಿಯಲ್ಲಿ ರೈಫಲ್ ಖಾಲಿ ಇದೆಯೇ ಎಂದು ಬೋಲ್ಟ್ ತೆಗೆದು ಕಣ್ಣಾರೆ ನೋಡಿ, ಮೂತಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಕಣ್ಣು ಮುಚ್ಚಿ ಹೆಗಲಿಗೇರಿಸಿ. ಕೆನ್ನೆ ಸಹಜವಾಗಿ ಎಲ್ಲಿ ಕೂರುತ್ತದೋ ಅಲ್ಲೇ ಕೂರಲಿ. ಈಗ ಕಣ್ಣು ತೆರೆಯಿರಿ. ಸ್ಕೋಪ್‌ನಲ್ಲಿ ಪೂರ್ತಿ ದುಂಡಗಿನ ಚಿತ್ರ ಕಂಡರೆ ಸರಿ. ಮೇಲೋ ಕೆಳಗೋ ಕಪ್ಪು ಬಿದಿಗೆ ಚಂದ್ರ ಕಂಡರೆ ಕೆನ್ನೆ ಊರುವ ಜಾಗ ನಿಮಗೆ ತಗ್ಗು ಅಥವಾ ಎತ್ತರ. ತಗ್ಗಾದರೆ ಫೋಮ್ ತುಂಡು ಸುತ್ತಿ ಏರಿಸಬಹುದು, ನಿಮ್ಮ ವರ್ಗದ ನಿಯಮ ಒಪ್ಪಿದರೆ. ಎತ್ತರವಾದರೆ ಆ ರೈಫಲ್ ಬಿಡಿ.

ಇನ್ನು ಎಡಗೈ. ಬಲಗೈ ಶೂಟರ್‌ನ ಎಡ ಮೊಣಕೈ ಪಕ್ಕೆಗೋ ಸೊಂಟದ ಮೂಳೆಗೋ ಆತುಕೊಳ್ಳುತ್ತದೆ, ಬೆರಳುಗಳು ಅಥವಾ ಮುಷ್ಟಿ ಟ್ರಿಗರ್ ಗಾರ್ಡ್‌ನ ಸ್ವಲ್ಪ ಮುಂದೆ ರೈಫಲನ್ನು ಹೊರುತ್ತವೆ. ಸರಿಯಾಗಿ ಅದೇ ಜಾಗದಲ್ಲಿ ಮ್ಯಾಗಜಿನ್ ಇರುತ್ತದೆ. ಹತ್ತು ತೋಟಾದ ಉದ್ದನೆಯ ಮ್ಯಾಗಜಿನ್ ಕೆಳಗೆ ಚಾಚಿಕೊಂಡಿದ್ದರೆ ಅಂಗೈಗೆ ಚುಚ್ಚುತ್ತದೆ, ಹಿಡಿತ ಮುಂದಕ್ಕೆ ಸರಿಯುತ್ತದೆ, ಮೊಣಕೈ ಸೊಂಟ ಬಿಡುತ್ತದೆ. ಒಂದು ಸಾಲಿಗೆ ಬೇಕಾದ್ದು ಐದೇ ಗುಂಡು. ಐದರ ಮ್ಯಾಗಜಿನ್ ಹಾಕಿ ಹಿಡಿದು ನೋಡಿ, ಆಮೇಲೆ ತೀರ್ಮಾನಿಸಿ.

ಸಮತೋಲ ಸ್ವಲ್ಪ ಮುಂದಕ್ಕಿರಲಿ. ಮೂತಿ ತೀರ ಹಗುರವಾದರೆ ಗುರಿಯ ಸುತ್ತ ಚಡಪಡಿಸುತ್ತದೆ. ಭಾರವಾದರೆ 30ನೇ ಗುಂಡಿನ ಹೊತ್ತಿಗೆ ತೋಳು ನಡುಗುತ್ತದೆ. ಉದ್ದ ಬ್ಯಾರೆಲ್ ಇದ್ದರೆ ವೇಗ ಜಾಸ್ತಿ ಎಂಬ ಮಾತು .22 ಲಾಂಗ್ ರೈಫಲ್ ಎಂಬ ನಮ್ಮ ತೋಟಾದ ವಿಷಯದಲ್ಲಿ ನಡೆಯುವುದಿಲ್ಲ. ಆ ಪುಟ್ಟ ತೋಟಾದ ಮದ್ದು 40ರಿಂದ 48 ಸೆಂಟಿಮೀಟರ್ ಒಳಗೇ ತನ್ನ ಕೆಲಸ ಬಹುಪಾಲು ಮುಗಿಸಿರುತ್ತದೆ. ಉದ್ದ ಬೇಕಾದ್ದು ಮುಂಭಾರಕ್ಕಾಗಿ, ವೇಗಕ್ಕಾಗಿ ಅಲ್ಲ.

ಹೆಜ್ಜೆ 5: ಟ್ರಿಗರ್

ಒಂದೇ ಒಂದು ಕಡೆ ಹೆಚ್ಚು ಖರ್ಚು ಮಾಡಿ ಎಂದರೆ ನಾನು ತೋರಿಸುವುದು ಇದನ್ನೇ. ಅಡ್ಡಗೆರೆ ಆಕೃತಿಯ ಮೇಲೆ ಹಾದುಹೋಗುವ ಕ್ಷಣದಲ್ಲಿ, ರೈಫಲ್ ಅಲುಗದಂತೆ, ಬೆರಳು ಕೆಲಸ ಮುಗಿಸಬೇಕು. 3.5 ಕಿಲೋ ರೈಫಲ್‌ನಲ್ಲಿ 2 ಕಿಲೋ ಎಳೆತದ ಟ್ರಿಗರ್ ಇದ್ದರೆ ಪ್ರತಿ ಸಲವೂ ರೈಫಲನ್ನೇ ಪಕ್ಕಕ್ಕೆ ಎಳೆಯುತ್ತೀರಿ. ಅಗ್ಗದ ರೈಫಲ್‌ಗಳಲ್ಲಿ ಭಾರಕ್ಕಿಂತ ಕೆಟ್ಟದ್ದು ತೆವಳುವಿಕೆ: ಟ್ರಿಗರ್ ಬಿಡುವ ಮುನ್ನ ಮರಳಿನಲ್ಲಿ ಕಾಲೆಳೆದಂತೆ ಗರಗರ ಎನ್ನುತ್ತ ಜರುಗುತ್ತದೆ, ಯಾವಾಗ ಬಿಡುತ್ತದೆ ಎಂದು ಗೊತ್ತಾಗುವುದೇ ಇಲ್ಲ. ಕೊಳ್ಳುವ ಮುಂಚೆ ಅಂಗಡಿಯವರ ಅನುಮತಿ ಕೇಳಿ, ಖಾಲಿ ತೋಟಾದ ಚಿಪ್ಪು ಹಾಕಿ, ಹತ್ತಾರು ಬಾರಿ ಎಳೆದು ನೋಡಿ. ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಭಾರಕ್ಕೆ, ಗಾಜು ಮುರಿದಷ್ಟು ಚುರುಕಾಗಿ ಬಿಡಬೇಕು.

ಹಂಟಿಂಗ್ ವರ್ಗದ ಯೋಚನೆ ಇದ್ದರೆ 950 ಗ್ರಾಂ ಸುತ್ತಮುತ್ತ ನಿಲ್ಲಿಸಿ. ಸರಿಯಾಗಿ 900ಕ್ಕೆ ಇಟ್ಟರೆ ತಪಾಸಣೆಯ ಮೇಜಿನ ಬಳಿ ತಲೆನೋವು. ಜನಪ್ರಿಯ ಮಾದರಿಗಳಿಗೆ ಬದಲಿ ಸ್ಪ್ರಿಂಗ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ, ಅಷ್ಟರಿಂದಲೇ ಬಹಳಷ್ಟು ಸುಧಾರಿಸುತ್ತದೆ. ಸ್ಪ್ರಿಂಗ್ ಸುರುಳಿ ಕತ್ತರಿಸುವುದು, ಸಿಯರ್ (ಪಿನ್ ಹಿಡಿದಿಡುವ ಕೊಕ್ಕೆ) ಉಜ್ಜುವುದು ಮಾತ್ರ ಮನೆಯಲ್ಲಿ ಮಾಡುವ ಕೆಲಸವಲ್ಲ, ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಕೈಗೆ ಕೊಡಿ. ಯಾರೇ ಹೊಂದಿಸಿರಲಿ, ಆಮೇಲೆ ಪರೀಕ್ಷೆ ಮಾಡಲೇಬೇಕು. ರೈಫಲ್ ಖಾಲಿ ಇರಲಿ. ಬೋಲ್ಟನ್ನು ಜೋರಾಗಿ ತಳ್ಳಿ ಮುಚ್ಚಿ, ಹಲವು ಸಲ. ಕಾಕ್ ಆದ, ಅಂದರೆ ಪಿನ್ ಬಿಡಲು ಸಿದ್ಧವಾದ ಸ್ಥಿತಿಯಲ್ಲಿ ಸ್ಟಾಕ್‌ನ ಹಿಂಬದಿಯನ್ನು ರಬ್ಬರ್ ಚಾಪೆಯ ಮೇಲೆ ಕುಟ್ಟಿ. ಪಿನ್ ಒಂದೇ ಒಂದು ಸಲ ತಾನಾಗಿ ಬಿಟ್ಟರೂ ಭಾರ ಹೆಚ್ಚಿಸಿ, ಮತ್ತೆ ಮೊದಲಿನಿಂದ ಪರೀಕ್ಷಿಸಿ.

ಹೆಜ್ಜೆ 6: ಹಳೆಯ ರೈಫಲ್ ಆದರೆ

ರಿಮ್‌ಫೈರ್ ತೋಟಾದಲ್ಲಿ ಸಿಡಿಮದ್ದು ಇರುವುದು ಹಿಂಭಾಗದ ಅಂಚಿನ ಮಡಿಕೆಯಲ್ಲಿ. ಪಿನ್ ಆ ಅಂಚನ್ನು ಚೇಂಬರ್‌ನ (ತೋಟಾ ಕೂರುವ ಗೂಡು) ತುಟಿಗೆ ಒತ್ತಿ ಜಜ್ಜುತ್ತದೆ. ತೋಟಾ ಇಲ್ಲದೆ ಪದೇ ಪದೇ ಹೊಡೆದರೆ ಕೆಲವು ರೈಫಲ್‌ಗಳಲ್ಲಿ ಪಿನ್ ನೇರವಾಗಿ ಆ ತುಟಿಗೇ ಬಡಿದು, ಉಕ್ಕು ಒಳಕ್ಕೆ ಉಬ್ಬುತ್ತದೆ. ನೋಡುವ ಬಗೆ ಸುಲಭ: ಬೋಲ್ಟ್ ತೆಗೆದು, ಹತ್ತಿ ಸುತ್ತಿದ ಕಡ್ಡಿಯನ್ನು ಚೇಂಬರ್ ಬಾಯಿಯ ಒಳಅಂಚಿನ ಸುತ್ತ ತಿರುಗಿಸಿ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಉಬ್ಬು ಇದೆ. ಚಿಕ್ಕದಾದರೆ ಗನ್‌ಸ್ಮಿತ್ ಸರಿಪಡಿಸುತ್ತಾರೆ. ಬೆಲೆ ಇಳಿಸಲು ನಿಮಗದು ಒಳ್ಳೆಯ ಕಾರಣ. ಅದೇ ಕಡ್ಡಿಯನ್ನು ಮೂತಿಯ ಕ್ರೌನ್ ಮೇಲೂ ಆಡಿಸಿ. ಗುಂಡು ರೈಫಲನ್ನು ಬಿಟ್ಟು ಹೋಗುವ ಕೊನೆಯ ಜಾಗ ಅದು, ಅಲ್ಲಿ ಚಿಕ್ಕ ಪೆಟ್ಟೂ ನಿಖರತೆ ಕೆಡಿಸುತ್ತದೆ.

ಆಮೇಲೆ ಬ್ಯಾರೆಲ್ ಒಳಗೆ ಬಿಗಿಯಾದ ಬಟ್ಟೆ ತುಂಡನ್ನು ಕಂಬಿಯಿಂದ ನಿಧಾನ ತಳ್ಳಿ. ನಡುವೆ ಎಲ್ಲೋ ಒಂದು ಕಡೆ ದಿಢೀರ್ ಸಡಿಲವಾದರೆ ಅಲ್ಲಿ ಬ್ಯಾರೆಲ್ ಉಬ್ಬಿದೆ. ಆ ರೈಫಲ್ ಬೇಡ, ಎಷ್ಟೇ ಕಡಿಮೆಗೆ ಕೊಟ್ಟರೂ. ಮರದ ಮೇಲಿನ ಗೀರು, ಮಾಸಿದ ಕಪ್ಪು ಬಣ್ಣ ಇವುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 7: ಸ್ಕೋಪ್

ನಾಲ್ಕು ದೂರ ಎಂದರೆ ನಾಲ್ಕು ಎತ್ತರ. 40 ಮೀಟರ್‌ಗೆ ಹೊಂದಿಸಿದ ಸ್ಕೋಪನ್ನು ಸಾಧಾರಣ ವೇಗದ ತೋಟಾದೊಂದಿಗೆ 60ಕ್ಕೆ ಸುಮಾರು 2.5 ಮಿನಿಟ್ (ಇದು ಕೋನದ ಅಳತೆ, ಡಿಗ್ರಿಯ ಅರವತ್ತನೇ ಒಂದು ಪಾಲು), 77ಕ್ಕೆ 5, 100ಕ್ಕೆ 9 ಮಿನಿಟ್ ಏರಿಸಬೇಕಾಗುತ್ತದೆ. ಕಾಲು ಮಿನಿಟ್ ಕ್ಲಿಕ್‌ನ ಸ್ಕೋಪ್‌ನಲ್ಲಿ ಇದು ಹತ್ತಿರ ಹತ್ತಿರ 10, 20, 36 ಕ್ಲಿಕ್. ಒಂದು ಪಂದ್ಯದಲ್ಲಿ ಹಲವು ಬಾರಿ ಏರಿಸಿ ಇಳಿಸುತ್ತೀರಿ. ಆದ್ದರಿಂದ ಸ್ಕೋಪ್‌ನಲ್ಲಿ ಮೊದಲು ನೋಡಬೇಕಾದ್ದು ಗಾಜಿನ ಹೊಳಪಲ್ಲ, ತಿರುಪು ಹೇಳಿದ ಮಾತು ಕೇಳುತ್ತದೆಯೇ ಎಂಬುದು. ಒರಗಿಸಿ ಒಂದು ಗುಂಪು ಹೊಡೆಯಿರಿ. 36 ಏರಿಸಿ ಒಂದು ಗುಂಪು. 36 ಇಳಿಸಿ ಮತ್ತೊಂದು. ಮೂರನೆಯದು ಮೊದಲನೆಯದರ ಮೇಲೇ ಬೀಳದಿದ್ದರೆ ಹಿಂದಿರುಗಿಸಿ.

ಎರಡನೆಯದು ಪ್ಯಾರಲಾಕ್ಸ್, ಅಂದರೆ ಕಣ್ಣು ಕೊಂಚ ಸರಿದರೆ ಅಡ್ಡಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷ. ಒಂದು ದೂರಕ್ಕೆ ಹೊಂದಿಸಿದರೆ ಅಲ್ಲಿ ಅದು ಇರುವುದಿಲ್ಲ. ದೊಡ್ಡ ರೈಫಲ್‌ಗೆಂದು ಮಾಡಿದ, ಹೊಂದಾಣಿಕೆ ಇಲ್ಲದ ಸ್ಕೋಪ್‌ಗಳು ಸಾಮಾನ್ಯವಾಗಿ 100 ಗಜಕ್ಕೆ ಸ್ಥಿರವಾಗಿರುತ್ತವೆ. ರಿಮ್‌ಫೈರ್ ಸ್ಕೋಪ್‌ಗಳು 50 ಗಜಕ್ಕೆ. ಮುಂದಿನ ಗಾಜಿನ ಬಳಿಯೋ ಪಕ್ಕದಲ್ಲೋ ದೂರ ಹೊಂದಿಸುವ ಉಂಗುರ ಇರುವುದು ಸಿಕ್ಕರೆ ಒಳ್ಳೆಯದು. ವರ್ಧನೆ 10 ಅಥವಾ 12 ಪಟ್ಟು ಸಾಕು. 24 ಪಟ್ಟಿನಲ್ಲಿ ನೋಡಿದರೆ ನಿಮ್ಮದೇ ನಾಡಿ ಬಡಿತ ಟಗರಿನ ಮೇಲೆ ಕುಣಿಯುವುದು ಕಂಡು ಎದೆ ಒಡೆಯುತ್ತದೆ.

ಬಳೆಗಳನ್ನು ಕೊಳ್ಳುವಾಗ ರೈಫಲ್‌ನ ಹಳಿ ಯಾವುದೆಂದು ನೋಡಿಕೊಳ್ಳಿ. ಸಿಝಡ್‌ನದು 11 ಮಿಲಿಮೀಟರ್ ಡವ್‌ಟೇಲ್. ಅದಕ್ಕೆ ವೀವರ್ ಎಂಬ ಬೇರೆ ಬಗೆಯ ಹಳಿಗೆ ಮಾಡಿದ ಬಳೆ ಕೂರುವುದಿಲ್ಲ.

ಹೆಜ್ಜೆ 8: ತೋಟಾಗೆ ದುಡ್ಡು ಉಳಿಸಿಕೊಳ್ಳಿ

ನನ್ನ ಹಂಚಿಕೆ ಹೀಗೆ: ಕೈಯಲ್ಲಿ 100 ಪಾಲು ದುಡ್ಡಿದ್ದರೆ 45 ರೈಫಲ್ ಮತ್ತು ಟ್ರಿಗರ್‌ಗೆ, 25 ಸ್ಕೋಪ್‌ಗೆ, ಉಳಿದ 30 ತೋಟಾಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ 90 ಪಾಲು ರೈಫಲ್‌ಗೇ ಸುರಿದು ತಿಂಗಳಿಗೊಂದು ಡಬ್ಬಿ ತೋಟಾ ಹೊಡೆಯುವವರನ್ನು ಎಲ್ಲ ಕ್ಲಬ್‌ನಲ್ಲೂ ನೋಡಬಹುದು.

ಬೇಕಾದ್ದು ಸಾಧಾರಣ ವೇಗದ, 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡಿನ ತೋಟಾ, ಸೆಕೆಂಡಿಗೆ ಸುಮಾರು 326 ಮೀಟರ್, ಅಂದರೆ ಶಬ್ದದ ವೇಗಕ್ಕಿಂತ ತುಸು ಕಡಿಮೆ. ವೇಗ ಹೆಚ್ಚಿದಷ್ಟೂ ಗಾಳಿ ಕಡಿಮೆ ತಳ್ಳುತ್ತದೆ ಎಂದು ಅನಿಸುವುದು ಸಹಜ. .22ರಲ್ಲಿ ಉಲ್ಟಾ: ಶಬ್ದದ ವೇಗ ದಾಟಿ ಹೊರಟ ಗುಂಡು ಆ ಗಡಿಯ ಬಳಿ ಗಾಳಿಯ ಪ್ರತಿರೋಧಕ್ಕೆ ಸಿಕ್ಕಿ ಬೇಗ ವೇಗ ಕಳೆದುಕೊಳ್ಳುತ್ತದೆ, ಅಡ್ಡಗಾಳಿಗೆ ಹೆಚ್ಚು ಸರಿಯುತ್ತದೆ. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಇಂಥವು ಅಭ್ಯಾಸಕ್ಕೂ ಸಾಧಾರಣ ಪಂದ್ಯಕ್ಕೂ ಸಾಕು. ಸ್ಟಿಂಗರ್‌ನಂಥ ಹೈಪರ್ ವೇಗದ ತೋಟಾಗಳಿಗೆ ಎನ್‌ಆರ್‌ಎ ಪಂದ್ಯಗಳಲ್ಲಿ ಪ್ರವೇಶವೇ ಇಲ್ಲ.

ನಾಲ್ಕೈದು ಬಗೆಯ ತೋಟಾ ಒಂದೊಂದು ಡಬ್ಬಿ ತನ್ನಿ. .22ರ ಗುಂಡಿಗೆ ಹೊರಮೈ ಮೇಲೆ ಮೇಣ ಹಚ್ಚಿರುತ್ತಾರೆ; ಬ್ರ್ಯಾಂಡ್ ಬದಲಿಸಿದಾಗ ಬ್ಯಾರೆಲ್ ಹೊಸ ಮೇಣಕ್ಕೆ ಒಗ್ಗಿಕೊಳ್ಳಲು ಹತ್ತು ಹದಿನೈದು ಗುಂಡು ಬೇಕು, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ 50 ಮೀಟರ್‌ನಲ್ಲಿ ಐದೈದು ಗುಂಡಿನ ಐದು ಗುಂಪು ಹೊಡೆದು ಸರಾಸರಿ ನೋಡಿ. ಅದೃಷ್ಟದಿಂದ ಬಂದ ಒಂದು ಚಂದದ ಗುಂಪನ್ನು ಮೊಬೈಲ್‌ನಲ್ಲಿಟ್ಟು ಮೆರೆಯುವುದು ಬೇರೆ ವಿಷಯ. ರೈಫಲ್‌ಗೆ ಹಿಡಿಸಿದ್ದು ಗೊತ್ತಾದ ಮೇಲೆ ಅದೇ ಲಾಟ್ (ಒಂದೇ ಸಲ ತಯಾರಾದ ಕಂತು) ಸಂಖ್ಯೆಯದ್ದನ್ನು ಕೈಲಾದಷ್ಟು ಒಟ್ಟಿಗೆ ಕೊಳ್ಳಿ.

ಹೆಜ್ಜೆ 9: ಮನೆಯ ಅಭ್ಯಾಸ

ಎಲ್ಲಕ್ಕಿಂತ ಅಗ್ಗದ ಅಭ್ಯಾಸ ತೋಟಾ ಇಲ್ಲದ್ದು. ನಿಮ್ಮ ಮಾದರಿಯ ಕೈಪಿಡಿ ಖಾಲಿ ಹೊಡೆತಕ್ಕೆ ಒಪ್ಪಿದರೂ ಚೇಂಬರ್ ತುಟಿ ಉಳಿಸಿಕೊಳ್ಳಲು ಏನಾದರೂ ಹಾಕಿ. ಗೋಡೆಗೆ ತಿರುಪು ಕೂರಿಸುವಾಗ ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ ಇದೆಯಲ್ಲ, ಅದರಲ್ಲಿ ಚಿಕ್ಕ ಅಳತೆಯದು .22 ಚೇಂಬರ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಅದರ ಅಂಚು ಪಿನ್ ಪೆಟ್ಟು ತಿನ್ನುತ್ತದೆ. ಕೆಲವು ಹೊಡೆತಕ್ಕೊಮ್ಮೆ ಸ್ವಲ್ಪ ತಿರುಗಿಸಿ, ಸವೆದಾಗ ಎಸೆಯಿರಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಚೇಂಬರ್ ಎರಡು ಸಲ ನೋಡಿ, ಗಟ್ಟಿ ಗೋಡೆಯ ಕಡೆ ಮುಖ ಮಾಡಿ. ಕಾಗದದ ಮೇಲೆ ಪುಟ್ಟ ಕೋಳಿಯ ಚಿತ್ರ ಅಂಟಿಸಿ, ಟ್ರಿಗರ್ ಬಿಟ್ಟ ಕ್ಷಣ ಅಡ್ಡಗೆರೆ ಎಲ್ಲಿತ್ತು ಎಂದು ಬಾಯಿ ಬಿಟ್ಟು ಹೇಳಿ.

ರೇಂಜ್‌ನಲ್ಲಿ ಕಣ್ಣಿಗೆ ಕನ್ನಡಕ ಕಡ್ಡಾಯ. ಉಕ್ಕಿಗೆ ಬಡಿದ ಸೀಸ ಚೂರಾಗಿ ಎಲ್ಲ ದಿಕ್ಕಿಗೂ ಸಿಡಿಯುತ್ತದೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಹೊಡೆಯಲೇಬೇಡಿ, ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಬಲ್ಲದು. ನಾಲ್ಕು ದೂರದ ಕ್ಲಿಕ್‌ಗಳನ್ನು ಮೇಲೆ ಕೊಟ್ಟ ಅಂಕಿಗಳಿಂದ ಶುರು ಮಾಡಿ, ನಿಮ್ಮದೇ ತೋಟಾದಲ್ಲಿ ಕಾಗದದ ಮೇಲೆ ಹೊಡೆದು ಸರಿಪಡಿಸಿಕೊಳ್ಳಿ. ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮತ್ತೆ ನೋಡಿ. ತಂಪಿನಲ್ಲಿ ಮದ್ದು ನಿಧಾನ, ಟಗರಿನ ಹೊತ್ತಿಗೆ ಒಂದೆರಡು ಕ್ಲಿಕ್ ಹೆಚ್ಚು ಬೇಕಾಗಬಹುದು. ಆ ನಾಲ್ಕು ಅಂಕಿಗಳನ್ನು ಚೀಟಿಯಲ್ಲಿ ಬರೆದು ಸ್ಟಾಕ್‌ನ ಎಡಮೈಗೆ, ತಲೆ ಬಗ್ಗಿಸದೆ ಓದುವಂತೆ ಅಂಟಿಸಿ.